ಬಾಳೆಬರೆ ಘಾಟಿ: ಡಾಂಬರಿಗಿಂತ ಮೊದಲು ಚರಂಡಿ

ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೋಗುವ ರಾಜ್ಯ ಹೆದ್ದಾರಿ 52 ಹೆಚ್ಚುಕಡಿಮೆ 80 ಕಿ.ಮೀ. ರಸ್ತೆ. ಆದರೆ ಸುದ್ದಿಗೆ ಬರುವುದು ಹುಲಿಕಲ್ಲಿನಿಂದ ಹೊಸಂಗಡಿಗೆ ಇಳಿಯುವ ತುಂಡು ಮಾತ್ರ. ಅದನ್ನು ಬಾಳೆಬರೆ ಘಾಟಿ ಅಂತಲೂ ಹುಲಿಕಲ್ ಘಾಟಿ ಅಂತಲೂ ಕರೆಯುತ್ತಾರೆ. ದಾರಿಯಲ್ಲಿ ಚಂಡಿಕಾಂಬೆಯ ಗುಡಿ ಇರುವುದರಿಂದ ಚಂಡಿಕಾಂಬಾ ಘಾಟಿ ಅನ್ನುವವರೂ ಇದ್ದಾರೆ. ಮೂರೂ ಒಂದೇ ಜಾಗ. ಆಷಾಢದ ಮಳೆ ಹಿಡಿದು ನಾಲ್ಕು ದಿನವಾದರೆ ಅಲ್ಲಿ ಎಲ್ಲೋ ಒಂದು ಕಡೆ ಧರೆ (ರಸ್ತೆಗಾಗಿ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಕುಸಿಯುತ್ತದೆ, ಇಲ್ಲವೇ ರಸ್ತೆಯ ಹೊರಅಂಚು ಬಾಯಿಬಿಡುತ್ತದೆ. ಭಾರಿ ವಾಹನ ನಿಷೇಧದ ಆದೇಶ ಹೊರಡುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಡಾಂಬರು ಸರಿ ಹಾಕಿಲ್ಲ ಅಂತ.

ಡಾಂಬರಿನ ಮೇಲೆ ಹಾಕುವ ಈ ತಪ್ಪಿನಲ್ಲಿ ಬಹುಪಾಲು ಚರಂಡಿಗೆ ಸೇರಬೇಕಾದದ್ದು. ಘಟ್ಟದ ರಸ್ತೆ ಮೇಲಿನಿಂದ ಸವೆದು ಹಾಳಾಗುವುದು ಕಡಿಮೆ. ಬದಿಯಿಂದ, ಅಡಿಯಿಂದ ನೀರು ತಿಂದು ಹಾಳಾಗುವುದೇ ಹೆಚ್ಚು. ಅದು ಹೇಗೆ, ಎಲ್ಲಿ, ಯಾವ ತಿಂಗಳಲ್ಲಿ ಏನು ಮಾಡಿದರೆ ತಡೆಯಬಹುದು ಅನ್ನುವುದನ್ನು ಈ ದಾರಿಯ ಊರಿನವರೂ ತಿಳಿದಿರಬೇಕು. ದಾರಿ ಮುಚ್ಚಿದಾಗ ಅದರ ಭಾರ ಹೊರುವವರು ಅವರೇ.

ಮೊದಲು ದಾರಿಯ ಪರಿಚಯ. ತೀರ್ಥಹಳ್ಳಿ ತುಂಗೆಯ ದಡದ ಊರು, ಅಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಕವಲೇದುರ್ಗದ ಕೋಟೆಯ ಕಡೆ ತಿರುಗುವ ದಾರಿಯನ್ನು ಬಿಟ್ಟು ಮುಂದೆ ಯಡೂರಿಗೆ ಬರುವ ಹೊತ್ತಿಗೆ ನೀರಿನ ದಿಕ್ಕು ಬದಲಾಗಿರುತ್ತದೆ. ಅದು ವಾರಾಹಿಯ ಸೀಮೆ, ಅಲ್ಲಿನ ನೀರು ಪಡುವಣ ಸಮುದ್ರಕ್ಕೆ. ಯಡೂರಿನ ಹತ್ತಿರವೇ ಮಾಣಿ ಅಣೆಕಟ್ಟು. ಅಲ್ಲಿ ಹಿಡಿದ ನೀರು ಘಟ್ಟದ ಕೆಳಗೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. 115 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 460 ಮೆಗಾವಾಟ್. ಕುಂಚಿಕಲ್ ಜಲಪಾತ ಬೇಸಗೆಯಲ್ಲಿ ಒಣಗಿ ನಿಲ್ಲುವುದೂ ಈ ಕಾರಣಕ್ಕೇ. ಯಡೂರಿನಿಂದ ಮುಂದೆ ಮಾಸ್ತಿಕಟ್ಟೆ. ಹೊಸನಗರ, ನಗರ ಎಂಬ ಊರುಗಳ ಕಡೆಯಿಂದ ಬರುವವರು ಇಲ್ಲಿ ಕೂಡಿಕೊಳ್ಳುತ್ತಾರೆ. ಆಮೇಲೆ ಹುಲಿಕಲ್, ಘಾಟಿ, ಹೊಸಂಗಡಿ, ಸಿದ್ದಾಪುರ, ಅಂಪಾರು, ಕಂಡ್ಲೂರು, ಬಸ್ರೂರು. ಕೊನೆಗೆ ಪಂಚಗಂಗಾವಳಿಯ ಕುಂದಾಪುರ.

ಇದು ಹೊಸ ದಾರಿಯಲ್ಲ. ಈಗಿನ ತಿರುವುಗಳು ಎಂಜಿನಿಯರುಗಳ ಕಾಲದವು ನಿಜ, ಆದರೆ ಹೊಸಂಗಡಿಯಿಂದ ಘಟ್ಟ ಹತ್ತಿ ಬಿದನೂರಿಗೆ ಹೋಗುವ ದಾರಿ ಕೆಳದಿ ಅರಸರ ಕಾಲದಲ್ಲೇ ದೊಡ್ಡ ದಾರಿ. ಈಗ ನಗರ ಅನ್ನುವ ಊರೇ ಅವರ ರಾಜಧಾನಿ ಬಿದನೂರು. ಘಟ್ಟದ ಸರಕು ಇಳಿಯುತ್ತಿದ್ದ ಬಸ್ರೂರು ಎಷ್ಟು ಸಿರಿವಂತ ಬಂದರಾಗಿತ್ತೆಂದರೆ 1665ರಲ್ಲಿ ಶಿವಾಜಿ ಸಮುದ್ರದ ಮೇಲಿಂದ ಬಂದು ಅದನ್ನು ಸೂರೆಮಾಡಿದ. 1763ರಲ್ಲಿ ಬಿದನೂರು ಹೈದರನ ಕೈಸೇರಿತು. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಇದೇ ಹೊಸಂಗಡಿ ಘಾಟಿ ಹತ್ತಿ ಬಿದನೂರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಟಿಪ್ಪುವಿನ ನಂತರ ಘಟ್ಟದ ಮೇಲು ಮೈಸೂರಿಗೆ, ಕೆಳಗು ಕಂಪನಿಗೆ, ಅಂದರೆ ಮದರಾಸಿನ ಆಡಳಿತಕ್ಕೆ ಹೋಯಿತು. ಏಕೀಕರಣದ ತನಕವೂ ಈ ಘಾಟಿ ಎರಡು ಸರ್ಕಾರಗಳ ನಡುವಿನ ಗಡಿಯಾಗಿಯೇ ಇತ್ತು. ಈಗಲೂ ಹುಲಿಕಲ್ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು, ಹೊಸಂಗಡಿ ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕು. ರಸ್ತೆ ಒಂದೇ ಆದರೂ ನಿರ್ವಹಣೆಯ ಕೈಗಳು ಎರಡು. ದೂರು ಕೊಡುವವರು ಮೊದಲು ನೋಡಬೇಕಾದದ್ದು ತಾವು ಗಡಿಯ ಯಾವ ಬದಿಯಲ್ಲಿದ್ದೇವೆ ಅನ್ನುವುದನ್ನು.

ಜಾಗ ಗುರುತಿಸಲು ಕಿಲೋಮೀಟರ್ ಕಲ್ಲಿಗಿಂತ ಒಳ್ಳೆಯ ಸಾಧನ ಇಲ್ಲ. ತಲೆಗೆ ಹಸಿರು ಬಣ್ಣ ಬಳಿದಿದ್ದರೆ ರಾಜ್ಯ ಹೆದ್ದಾರಿ, ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಐದು ಕಿಲೋಮೀಟರಿಗೊಂದು ಕಲ್ಲು ಉಳಿದವುಗಳಿಗಿಂತ ದೊಡ್ಡದಿರುತ್ತದೆ. ಎರಡು ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ 2, 4, 6, 8 ಅಂತ ಬರೆದ ಸಣ್ಣ ಕಲ್ಲುಗಳಿರುತ್ತವೆ. ಪೊದೆಯಲ್ಲಿ ಹುದುಗಿದ್ದರೆ ಕತ್ತಿ ಆಡಿಸಿ ನೋಡಬೇಕು. "ದೇವಸ್ಥಾನದ ಕೆಳಗಿನ ದೊಡ್ಡ ತಿರುವಿನ ಹತ್ತಿರ" ಅಂದರೆ ಕಚೇರಿಯಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ. "ಇಂಥ ಕಿ.ಮೀ. ಕಲ್ಲು ದಾಟಿ 4ರ ಕಲ್ಲಿನ ಎದುರು, ಕುಂದಾಪುರಕ್ಕೆ ಇಳಿಯುವಾಗ ಎಡಗಡೆ" ಅಂದರೆ ಅದೇ ದಿನ ಜೆಸಿಬಿ ಸರಿಯಾದ ಜಾಗಕ್ಕೆ ಬರುತ್ತದೆ.

ಈಗ ನೀರಿನ ಲೆಕ್ಕ. ಹೆಚ್ಚು ಮಳೆಯ ಊರು ಅಂದರೆ ಆಗುಂಬೆ ಅನ್ನುವುದು ರೂಢಿಯ ಮಾತು, ಆದರೆ ಎಷ್ಟೋ ವರ್ಷ ಹುಲಿಕಲ್ಲಿನ ಮಳೆಮಾಪಕ ಆಗುಂಬೆಯನ್ನು ಹಿಂದೆ ಹಾಕಿದೆ. ಆರಿದ್ರೆ, ಪುನರ್ವಸು, ಪುಷ್ಯದ ಮಳೆಯಲ್ಲಿ ಒಂದೇ ದಿನ 200 ಮಿ.ಮೀ. ದಾಟುವುದು ಇಲ್ಲಿ ಹೊಸದೇನಲ್ಲ. ರಸ್ತೆ 7 ಮೀಟರ್ ಅಗಲ ಅಂತ ಇಟ್ಟುಕೊಂಡರೆ, ಅಂಥ ದಿನ ಒಂದು ಕಿಲೋಮೀಟರ್ ರಸ್ತೆಯ ಮೇಲೆ ಬೀಳುವ ನೀರು 14 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಆದರೆ ಸುಮಾರು 117 ಟ್ಯಾಂಕರ್ ಸುರಿದ ಹಾಗೆ. ಇದು ರಸ್ತೆಯ ಮೈಮೇಲೆ ಬಿದ್ದದ್ದು ಮಾತ್ರ. ಮೇಲಿನ ಗುಡ್ಡದಲ್ಲಿ ಬರೀ 50 ಮೀಟರ್ ಅಗಲದ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿದರೂ ಅಲ್ಲಿ ಒಂದು ಕೋಟಿ ಲೀಟರ್ ಬೀಳುತ್ತದೆ. ಅರ್ಧ ಮಣ್ಣಿಗೆ ಇಂಗಿತು ಅಂದುಕೊಂಡರೂ ಉಳಿದ 50 ಲಕ್ಷ ಲೀಟರ್ ರಸ್ತೆಯ ಕಡೆಗೇ ಇಳಿಯಬೇಕು. ಇಂಗಿದ್ದೂ ಎಲ್ಲಿಗೂ ಹೋಗಿರುವುದಿಲ್ಲ. ನಾಲ್ಕು ದಿನ ಬಿಟ್ಟು ಧರೆಯ ಬುಡದಲ್ಲಿ ಜಲವಾಗಿ ಒಡೆಯುತ್ತದೆ. ಮಳೆ ಒಂದು ದಿನ ಹೊಳವಾದಾಗ ಧರೆ ಕುಸಿಯುವುದು ಇದಕ್ಕೇ. ಮಳೆ ನಿಂತಿತಲ್ಲ, ಇನ್ನು ಭಯವಿಲ್ಲ ಅಂತ ಧರೆಯ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕುಡಿಯುವುದು ದೊಡ್ಡ ತಪ್ಪು.

ಮಣ್ಣಿನ ಗುಣವೂ ಇದಕ್ಕೆ ಸೇರುತ್ತದೆ. ಮೇಲೆ ಗಟ್ಟಿಯಾದ ಮುರಕಲ್ಲು, ಘಟ್ಟದ ಮೇಲಿನವರು ಜಂಬಿಟ್ಟಿಗೆ ಅನ್ನುವುದು. ಅದರ ಅಡಿಯಲ್ಲಿ ಹಲವು ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಬೇಸಗೆಯಲ್ಲಿ ಶೇಡಿ ಮಣ್ಣನ್ನು ಗುದ್ದಲಿಯಲ್ಲಿ ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ರಸ್ತೆ ಅಗಲ ಮಾಡುವವರು ಅದನ್ನು ನಂಬಿ ಧರೆಯನ್ನು ನೇರ ಕಡಿಯುತ್ತಾರೆ. ನೀರು ಕುಡಿದ ಮೇಲೆ ಅದೇ ಮಣ್ಣಿಗೆ ಕಸುವಿಲ್ಲ, ಬೆಣ್ಣೆಯಂತೆ ಜಾರುತ್ತದೆ, ಮೇಲಿನ ಮುರಕಲ್ಲನ್ನೂ ಮರವನ್ನೂ ಹೊತ್ತುಕೊಂಡೇ ಬರುತ್ತದೆ. ಧರೆ ಎತ್ತರವಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಒಂದು ಚರಂಡಿ ಬಿಡಬೇಕು. ಅದಕ್ಕಿಂತ ಮುಖ್ಯವಾದದ್ದು ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಕೆಲವು ಮೀಟರ್ ಹಿಂದಕ್ಕೆ ತೋಡುವ ಅಡ್ಡಚರಂಡಿ. ಗುಡ್ಡದ ನೀರನ್ನು ಧರೆಗೆ ಮುಟ್ಟಿಸದೆ ಪಕ್ಕದ ಹಳ್ಳಕ್ಕೆ ದಾಟಿಸುವುದು ಅದರ ಕೆಲಸ. ರಸ್ತೆಯಿಂದ ಕಾಣದ ಜಾಗವಾದ್ದರಿಂದ ಎಲ್ಲರೂ ಮರೆಯುವುದು ಇದನ್ನೇ. ಬಿರುಕು ಬಿಟ್ಟ ಅಡ್ಡಚರಂಡಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಗುಡ್ಡದ ನೀರನ್ನೆಲ್ಲ ಒಟ್ಟುಮಾಡಿ ಅದೇ ಬಿರುಕಿನಲ್ಲಿ ಧರೆಯ ಬೆನ್ನಿಗೆ ಇಳಿಸುತ್ತದೆ.

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ಮೊದಲು ಕಪ್ಪು, ಅಂದರೆ ತೋಟದ ಬಸಿಗಾಲುವೆ, ಬಿಡಿಸದಿದ್ದರೆ ಬೇರು ಕೊಳೆಯುತ್ತದೆ ಅಂತ ಅವರಿಗೆ ಗೊತ್ತು. ರಸ್ತೆಗೂ ಬೇರು ಇದೆ, ಡಾಂಬರಿನ ಅಡಿಯ ಜಲ್ಲಿ ಮತ್ತು ಮಣ್ಣಿನ ಪದರಗಳೇ ಅದು. ಬದಿಯ ಚರಂಡಿಯ ತಳ ಆ ಪದರಗಳಿಗಿಂತ ಕೆಳಗಿರಬೇಕು. ಆಗ ಮಾತ್ರ ಒಳಗೆ ಇಳಿದ ನೀರು ಬಸಿದು ಹೊರಗೆ ಬರುತ್ತದೆ. ಅಂಗೈಯಷ್ಟು ಆಳದ ಚರಂಡಿ ಮೇಲಿನ ನೀರನ್ನು ಒಯ್ಯುತ್ತದೆ, ಒಳಗಿನದ್ದನ್ನು ಬಸಿಯುವುದಿಲ್ಲ. ಒದ್ದೆಯಾದ ಅಡಿಪಾಯದ ಮೇಲೆ ಜಲ್ಲಿಲಾರಿಯ ಚಕ್ರ ಒತ್ತಿದಾಗ ನೀರು ಪಂಪಿನಂತೆ ಮೇಲಕ್ಕೆ ಚಿಮ್ಮಿ ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ. ರಸ್ತೆಯ ಮೇಲೆ ಮೊಸಳೆಯ ಚರ್ಮದಂಥ ಬಿರುಕು, ಅದರ ಸಂದಿನಲ್ಲಿ ಕೆಸರಿನ ಕಲೆ ಕಂಡರೆ ಅಡಿಯಿಂದ ಹೋಗಿದೆ ಅಂತಲೇ ಅರ್ಥ. ಅಂಥ ಕಡೆ ಮೇಲಿಂದ ಮತ್ತೊಂದು ಪದರ ಡಾಂಬರು ಹಾಕಿದರೆ ಆ ದುಡ್ಡು ಮುಂದಿನ ಮಳೆಗಾಲಕ್ಕೇ ಹೋಗುತ್ತದೆ.

ಚರಂಡಿ ಕೆಡುವುದಕ್ಕೆ ಈ ದಾರಿಯಲ್ಲಿ ಕಾಣುವ ಕಾರಣಗಳು ಕೆಲವೇ. ಎಲೆ, ಕಡ್ಡಿ, ಧರೆಯಿಂದ ಉದುರಿದ ಮಣ್ಣು ತುಂಬುವುದು ಒಂದು. ಮನೆಗೆ, ತೋಟಕ್ಕೆ ಗಾಡಿ ಇಳಿಸಲು ಚರಂಡಿಗೆ ಅಡ್ಡ ಮಣ್ಣು ಹಾಕುವುದು, ಇಲ್ಲವೇ ಆರಿಂಚಿನ ಪೈಪು ಹುಗಿದು ಮುಚ್ಚುವುದು ಇನ್ನೊಂದು. ಆರಿಂಚಿನ ಪೈಪಿಗೆ ಒಂದು ಅಡಿಕೆ ಹಾಳೆ ಅಡ್ಡ ಬಂದರೆ ಸಾಕು, ನೀರು ರಸ್ತೆಗೆ ಹತ್ತುತ್ತದೆ. ಅಲ್ಲಿ ಚಪ್ಪಡಿ ಹಾಸಬೇಕು, ಬೇಸಗೆಯಲ್ಲಿ ಎತ್ತಿ ಗುಡಿಸಲು ಬರುವ ಹಾಗೆ. ಮೂರನೆಯದು ಕೇಬಲ್. ರಸ್ತೆಯ ಮಗ್ಗುಲಲ್ಲಿ ಅಗೆದು ಕೇಬಲ್ ಹಾಕಿದವರು ಸಡಿಲ ಮಣ್ಣು ಎಳೆದು ಹೋಗುತ್ತಾರೆ, ಮೊದಲ ಮಳೆಗೆ ಅದು ಕುಸಿದು ಹೊಸ ಕಾಲುವೆಯಾಗುತ್ತದೆ, ಆದರೆ ಡಾಂಬರಿನ ಅಂಚಿಗೇ ಅಂಟಿದ ಕಾಲುವೆ. 15-20 ಸೆಂ.ಮೀ. ಪದರಗಳಲ್ಲಿ ಮಣ್ಣು ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡಿ ಮುಚ್ಚಿಸಬೇಕು. ಪಂಚಾಯಿತಿಯವರು ನಿಂತು ನೋಡಬೇಕಾದ ಕೆಲಸ ಇದು. ಮುಚ್ಚಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮಗ್ಗುಲಿನ ಹುಲ್ಲೂ ಲೆಕ್ಕಕ್ಕೆ ಬರುತ್ತದೆ. ರಸ್ತೆಯ ನಡುವಿನಿಂದ ಅಂಚಿಗೆ ನೂರಕ್ಕೆ ಎರಡೂವರೆಯ ಇಳಿಜಾರು ಇರಬೇಕು. 7 ಮೀಟರ್ ರಸ್ತೆಯಲ್ಲಿ ನಡು ಅಂಚಿಗಿಂತ ಸುಮಾರು 9 ಸೆಂ.ಮೀ. ಎತ್ತರ. ಹುಲ್ಲು ಬೆಳೆದು ಮಣ್ಣು ಹಿಡಿದು ಮಗ್ಗುಲು ಡಾಂಬರಿಗಿಂತ ನಾಲ್ಕು ಬೆರಳು ಎತ್ತರವಾದರೆ ಆ ಇಳಿಜಾರು ಪೂರ್ತಿ ವ್ಯರ್ಥ. ನೀರು ಚರಂಡಿಗೆ ಇಳಿಯದೆ ರಸ್ತೆಯ ಅಂಚಿನಲ್ಲೇ ನಿಲ್ಲುತ್ತದೆ, ಇಲ್ಲವೇ ಇಳಿಜಾರಿನುದ್ದಕ್ಕೂ ಓಡುತ್ತದೆ. ಹುಲ್ಲನ್ನು ಬರೀ ಕೊಯ್ದರೆ ಸಾಲದು, ಹೆಂಟೆ ಸಮೇತ ಕೆತ್ತಿ ಮಗ್ಗುಲನ್ನು ತಗ್ಗಿಸಬೇಕು. ಕೆತ್ತಿದ ಮಣ್ಣನ್ನು ಚರಂಡಿಗೆ ಎಳೆಯುವುದು ಕಣ್ಣೆದುರೇ ನಡೆಯುವ ತಪ್ಪು.

ತಿರುವುಗಳಲ್ಲಿ ಒಂದು ಸೂಕ್ಷ್ಮ ಇದೆ. ಗುಡ್ಡದ ಮೂಗನ್ನು ಸುತ್ತಿ ಬರುವ ತಿರುವಿನಲ್ಲಿ ರಸ್ತೆ ಗುಡ್ಡದ ಕಡೆಗೆ ಬಾಗಿರುತ್ತದೆ, ನೀರು ಒಳಗಿನ ಚರಂಡಿಗೆ ಹೋಗುತ್ತದೆ. ಹಳ್ಳ ದಾಟಲು ಗುಡ್ಡದ ಮಡಿಲಿಗೆ ನುಗ್ಗಿ ತಿರುಗುವ ಕಡೆ ಹಾಗಲ್ಲ. ಅಲ್ಲಿ ರಸ್ತೆ ಕಣಿವೆಯ ಕಡೆಗೆ ಬಾಗಿರುತ್ತದೆ, ಮೇಲಿನ ನೀರೆಲ್ಲ ಹೊರಅಂಚಿನಿಂದ ಕೆಳಗೆ ಧುಮುಕುತ್ತದೆ. ಅದೇ ಜಾಗದಲ್ಲಿ ಹಳ್ಳ ಮೋರಿಯ ಮೂಲಕ ದಾಟುತ್ತದೆ, ಅಲ್ಲಿನ ಹೊರಭಾಗ ತುಂಬಿದ ಮಣ್ಣಿನ ಮೇಲೆ ನಿಂತಿರುತ್ತದೆ. ರಸ್ತೆಯ ನೀರು, ಹಳ್ಳದ ನೀರು, ತುಂಬುಮಣ್ಣು, ಮೂರೂ ಒಂದೇ ಕಡೆ. ಹೊರಅಂಚು ಕಿತ್ತುಹೋಗುವ ಸುದ್ದಿ ಬಂದಾಗ ಅದು ಇಂಥ ಒಳತಿರುವೇ ಆಗಿರುವುದು ಹೆಚ್ಚು. ಆದ್ದರಿಂದ ದುಡ್ಡು ಕಡಿಮೆ ಇದ್ದರೆ ಮೊದಲು ಈ ಒಳತಿರುವುಗಳಿಗೆ ಖರ್ಚು ಮಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊರಅಂಚಿಗೆ ಗಿಡ್ಡ ಕಟ್ಟೆ ಕಟ್ಟಿ, ನೀರನ್ನು ಒಂದೇ ಬಾಯಿಗೆ ತಂದು, ಅಲ್ಲಿಂದ ಕಲ್ಲು ಹಾಸಿದ ಜಾರುಕಾಲುವೆಯಲ್ಲಿ ಹಳ್ಳದ ತಳಕ್ಕೆ ಇಳಿಸಬೇಕು.

ಮೋರಿಯ ವಿಷಯಕ್ಕೆ ಬಂದರೆ, ಕಾಡಿನ ಹಳ್ಳಕ್ಕೆ 600 ಮಿ.ಮೀ. ಕೊಳವೆ ಸಾಲದು. ನೀರಿನ ಲೆಕ್ಕದಲ್ಲಿ ಸಾಕಾದರೂ ನೀರಿನ ಜತೆ ಬರುವ ಕೊಂಬೆ, ಬುಡ, ಬಂಡೆಗೆ ಸಾಲುವುದಿಲ್ಲ. ಒಬ್ಬ ಆಳು ಬಗ್ಗಿ ಒಳಗೆ ಹೋಗಿ ಗುದ್ದಲಿ ಆಡಿಸುವಷ್ಟಾದರೂ, ಅಂದರೆ 1000ದಿಂದ 1200 ಮಿ.ಮೀ. ಇರಬೇಕು. ಆಳವಾದ ಹಳ್ಳವಾದರೆ ಚೌಕದ ಕಾಂಕ್ರೀಟ್ ಮೋರಿಯೇ ಸರಿ. ಮೋರಿಯ ಬಾಯಿಗೆ ಒಂದು ಗುಂಡಿ ಇದ್ದರೆ ಕಲ್ಲುಮಣ್ಣು ಅಲ್ಲೇ ಕೂರುತ್ತದೆ, ಆದರೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಎತ್ತಲೇಬೇಕು. ಹೊರಬಾಯಿಯನ್ನು ನೋಡುವವರು ಕಡಿಮೆ. ಮೋರಿಯಿಂದ ಹಾರಿ ಬೀಳುವ ನೀರು ತಳದಲ್ಲಿ ಗುಂಡಿ ಕೊರೆದು, ಹಿಂದಕ್ಕೆ ತಿನ್ನುತ್ತಾ ಬಂದು ತಡೆಗೋಡೆಯ ಪಾದವನ್ನೇ ಬಿಡಿಸುತ್ತದೆ. ಅಲ್ಲಿ ದೊಡ್ಡ ಕಲ್ಲು ಹಾಸಿರಬೇಕು, ಇಲ್ಲವೇ ತಂತಿಬಲೆಯ ಪೆಟ್ಟಿಗೆಯಲ್ಲಿ 15-25 ಸೆಂ.ಮೀ. ಕಲ್ಲು ತುಂಬಿ ಕೂರಿಸಿರಬೇಕು. ಇಂಥ ಪೆಟ್ಟಿಗೆಯ ಗುಣ ಅಂದರೆ ನೆಲ ಸ್ವಲ್ಪ ಕುಸಿದರೂ ಅದು ಒಡೆಯದೆ ಬಾಗುತ್ತದೆ, ನೀರನ್ನೂ ತನ್ನ ಮೈಯಿಂದಲೇ ಬಿಟ್ಟುಕೊಡುತ್ತದೆ.

ತಡೆಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಅದರ ಹಿಂದೆ ಕಟ್ಟಿದ ನೀರಿನ ಒತ್ತಡದಿಂದ. ಅದಕ್ಕೆಂದೇ ಗೋಡೆಯಲ್ಲಿ ಒಂದು ಒಂದೂವರೆ ಮೀಟರಿಗೊಂದು ಬಸಿಯುವ ತೂತು, ತೂತಿನ ಹಿಂದೆ ಜಲ್ಲಿಯ ಪದರ. ಗೋಡೆಯ ಆರೋಗ್ಯ ತಿಳಿಯಲು ಜುಲೈ ತಿಂಗಳಲ್ಲಿ ಈ ತೂತುಗಳನ್ನು ನೋಡಿದರೆ ಸಾಕು. ತಿಳಿನೀರು ಬರುತ್ತಿದ್ದರೆ ಎಲ್ಲ ಸರಿ. ಕೆಸರುನೀರು ಬರುತ್ತಿದ್ದರೆ ಹಿಂದಿನ ಮಣ್ಣು ತೊಳೆದುಹೋಗುತ್ತಿದೆ, ರಸ್ತೆಯ ಅಡಿ ಪೊಳ್ಳಾಗುತ್ತಿದೆ. ಸುತ್ತ ಜಡಿಮಳೆ ಸುರಿಯುತ್ತಿದ್ದರೂ ತೂತು ಒಣಗಿದ್ದರೆ ಅದು ಕಟ್ಟಿಕೊಂಡಿದೆ, ಮೂರರಲ್ಲಿ ಹೆಚ್ಚು ಅಪಾಯದ್ದು ಇದೇ. ರಸ್ತೆಯ ಹೊರ ಅರ್ಧದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ಎರಡು ತುದಿಯೂ ಅಂಚಿಗೆ ಮುಟ್ಟಿರುವಂಥದ್ದು ಕಂಡರೆ ಅಷ್ಟು ತುಂಡು ಜಾರಲು ಶುರುವಾಗಿದೆ. ಕೂಡಲೇ ಬಿರುಕಿನ ಮೇಲೆ ತಾಡಪಾಲು ಹಾಸಿ ನೀರು ಇಳಿಯದಂತೆ ಮಾಡಬೇಕು, ಮರಳಚೀಲ ಇಟ್ಟು ವಾಹನಗಳನ್ನು ಗುಡ್ಡದ ಬದಿಗೆ ತಿರುಗಿಸಬೇಕು. ಆ ತುಂಡಿನ ಮೇಲೆ ಮಣ್ಣು ಸುರಿದು ಸಮ ಮಾಡಿದರೆ ಭಾರ ಹೆಚ್ಚಿ ಬೇಗ ಜಾರುತ್ತದೆ.

ಗುಂಡಿ ಮುಚ್ಚುವ ಕೆಲಸ ಚಿಕ್ಕದು, ಆದರೆ ಕ್ರಮ ತಪ್ಪಿದರೆ ಹದಿನೈದು ದಿನವೂ ನಿಲ್ಲುವುದಿಲ್ಲ. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವ ತನಕ ಚೌಕವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಬೇಕು. ನೀರು, ಸಡಿಲ ಜಲ್ಲಿ, ಧೂಳು ತೆಗೆಯಬೇಕು. ತಳಕ್ಕೂ ನಾಲ್ಕು ಗೋಡೆಗೂ ತೆಳ್ಳಗೆ ಎಮಲ್ಷನ್ (ನೀರು ಬೆರೆತ ತೆಳು ಡಾಂಬರು) ಬಳಿದು, ಅದು ಕಂದಿನಿಂದ ಕಪ್ಪಾದ ಮೇಲೆ ಮಿಶ್ರಣ ತುಂಬಬೇಕು. ಆಳ ಜಾಸ್ತಿ ಇದ್ದರೆ ಎರಡು ಪದರ, ಪ್ರತಿ ಪದರವೂ ಬಿಸಿ ಇರುವಾಗಲೇ ರೋಲರ್. ಬಿಸಿ ಮಿಶ್ರಣ ಹಾಸುವಾಗ ಸುಮಾರು 140 ಡಿಗ್ರಿ ಇರಬೇಕು, 100ಕ್ಕೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ದೂರದ ಪ್ಲಾಂಟಿನಿಂದ ತಾಡಪಾಲು ಹೊದಿಸದೆ ತಂದ ಮಿಶ್ರಣ ಘಟ್ಟದ ತಂಪಿನಲ್ಲಿ ಅಷ್ಟರೊಳಗೆ ಆರಿರುತ್ತದೆ, ಎಷ್ಟು ಉರುಳಿಸಿದರೂ ಕಚ್ಚುವುದಿಲ್ಲ. ಮಳೆಗಾಲದ ನಡುವೆ ತುಂಬಲೇಬೇಕಾದರೆ ಚೀಲದಲ್ಲಿ ಬರುವ ತಣ್ಣನೆಯ ಮಿಶ್ರಣ ಬಳಸಬೇಕು. ಮಣ್ಣು ಮಾತ್ರ ತುಂಬಬಾರದು. ಮಣ್ಣು ತುಂಬಿದ ಗುಂಡಿ ಎರಡನೇ ದಿನಕ್ಕೆ ಕೆಸರಾಗಿ ಬೈಕಿನವರನ್ನು ಬೀಳಿಸುತ್ತದೆ. ಕಡಿದಾದ ತಿರುವುಗಳಿಗೆ ಕಾಂಕ್ರೀಟ್ ಹಾಕುವುದು ಸರಿಯಾದ ಖರ್ಚು. ಅಲ್ಲಿ ಲಾರಿಯ ಹಿಂದಿನ ಚಕ್ರಗಳು ಬ್ರೇಕು ಹಿಡಿದುಕೊಂಡೇ ತಿರುಚುತ್ತವೆ, ಆ ತಿರುಚಿಗೆ ಡಾಂಬರಿನ ಮೈ ಕಿತ್ತುಬರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಮಳೆಗಾಲ ನಿಷೇಧ ಬರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಮಿನಡಿ ಆದೇಶ ಹೊರಡುತ್ತದೆ, ಆಗ ಭಾರಿ ವಾಹನಗಳು ಬದಲಿ ದಾರಿ ಹಿಡಿಯಬೇಕು. ಆಗುಂಬೆಯ 14 ತಿರುವುಗಳಿಗೆ ದೊಡ್ಡ ಬಸ್ಸು ಲಾರಿ ಮೊದಲೇ ಆಗದು, ಶಿವಮೊಗ್ಗ-ಉಡುಪಿ ನಡುವೆ ಮಿನಿಬಸ್ಸುಗಳೇ ಓಡುವುದು ಅದಕ್ಕೆ. ಉಳಿಯುವುದು ನಗರದ ಕಡೆಯಿಂದ ನಾಗೋಡಿ, ಕೊಲ್ಲೂರಿನ ದಾರಿ. ಮೂರು ಘಾಟಿಗಳಲ್ಲಿ ಒಂದು ಮುಚ್ಚಿದರೆ ಅದರ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಹೊರಡುವ ಮೊದಲು ಮೂರರ ಸ್ಥಿತಿಯನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಮುಚ್ಚಿದ ಘಾಟಿ ಯಾರಿಗೆ ಏನು ಮಾಡುತ್ತದೆ? ಗಂಗೊಳ್ಳಿ, ಕುಂದಾಪುರದ ಬಂಗುಡೆ, ಬೈಗೆ (ಭೂತಾಯಿ) ಮೀನು ಬೆಳಗಾಗುವಷ್ಟರಲ್ಲಿ ಘಟ್ಟ ಹತ್ತಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆಯಾದ್ದರಿಂದ ಮೀನಿನವರಿಗೆ ಆ ಎರಡು ತಿಂಗಳು ಪೆಟ್ಟು ಕಡಿಮೆ, ಆಗಸ್ಟಿನಲ್ಲೂ ದಾರಿ ಸರಿಯಾಗದಿದ್ದರೆ ಕಷ್ಟ. ಅಡಿಕೆಯದ್ದು ಬೇರೆ ಲೆಕ್ಕ. ಒಂದೇ ಮರದ ಒಂದೇ ಕಾಯಿ ಘಟ್ಟದ ಎರಡು ಬದಿಯಲ್ಲಿ ಎರಡು ಸರಕಾಗುತ್ತದೆ. ಮೇಲೆ ಹಸಿಗಾಯಿಯನ್ನು ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಬೇಯಿಸಿ ಒಣಗಿಸಿದ ಕೆಂಪಡಿಕೆ. ಅದು ತೀರ್ಥಹಳ್ಳಿ, ಶಿವಮೊಗ್ಗದ ಮಂಡಿಗೆ ಹೋಗುತ್ತದೆ. ಕೆಳಗೆ ಹೆಚ್ಚಾಗಿ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಸುಲಿದ ಚಾಲಿ, ಅದರ ಪೇಟೆ ಮಂಗಳೂರಿನ ಕಡೆ. ಹಾಗಾಗಿ ಅಡಿಕೆ ಘಾಟಿಯನ್ನು ಅಷ್ಟಾಗಿ ದಾಟುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತಿಗೆ ಬೇಕಾದ ಮೈಲುತುತ್ತ, ಸುಣ್ಣ, ದೋಟಿ (ಉದ್ದನೆಯ ಕೋಲು) ಹಿಡಿಯುವ ಆಳು ಮಾತ್ರ ದಾಟಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನಕ್ಕೆ. ಆ ಎರಡನೆಯದು ಸರಿಯಾಗಿ ನಿಷೇಧದ ದಿನಗಳಿಗೇ ಬೀಳುತ್ತದೆ, ಸಾಮಾನನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಬೇಕು. ಹೆಚ್ಚು ಕಷ್ಟಪಡುವವರು ರೋಗಿಗಳು. ಯಡೂರು, ಮಾಸ್ತಿಕಟ್ಟೆ, ಹುಲಿಕಲ್ಲಿನವರಿಗೆ ಕುಂದಾಪುರ, ಮಣಿಪಾಲದ ಆಸ್ಪತ್ರೆಗೆ ಇದೇ ಹತ್ತಿರದ ದಾರಿ. ಹೆರಿಗೆಯ ದಿನ ಹತ್ತಿರವಿದ್ದರೆ ಮಳೆ ಜೋರಾಗುವ ಮೊದಲೇ ಕೆಳಗಿನ ನೆಂಟರ ಮನೆಗೆ ಇಳಿಯುವುದು ಜಾಣತನ.

ಸಂಬಂಧಗಳೂ ಈ ದಾರಿಯಲ್ಲೇ ಹತ್ತಿ ಇಳಿಯುತ್ತವೆ. ಬಸ್ಸಿನಲ್ಲಿ ಹುಲಿಕಲ್ ತನಕ "ಎಲ್ಲಿಗೆ ಹೋಗೋದು?" ಅಂತ ಕೇಳಿಸಿದ್ದು ಹೊಸಂಗಡಿಯಲ್ಲಿ "ಎಲ್ಲಿಗ್ ಹ್ವಾಪ್ದ್?" ಆಗಿರುತ್ತದೆ.

ಇಳಿಯುವ ಚಾಲಕರಿಗೆ ಒಂದು ಲೆಕ್ಕ. ಹುಲಿಕಲ್ಲಿನಿಂದ ಹೊಸಂಗಡಿಗೆ ಸುಮಾರು 500 ಮೀಟರ್ ಇಳಿತ. 16 ಟನ್ನಿನ ಲಾರಿ ಅಷ್ಟು ಇಳಿಯುವಾಗ ಹೊಮ್ಮುವ ಶಕ್ತಿ 250 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಎಂಜಿನ್ ಅದನ್ನು ಹಿಡಿಯದಿದ್ದರೆ ಅಷ್ಟೂ ಕಾವು ಬ್ರೇಕಿನ ಡ್ರಮ್ಮಿಗೆ ಹೋಗುತ್ತದೆ. ಕಾದ ಲೈನರು ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು. ಬ್ರೇಕನ್ನು ಒತ್ತಿ ಹಿಡಿಯದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಡಬೇಕು. ಸುಟ್ಟ ವಾಸನೆ ಬಂದರೆ ಅಗಲವಿರುವ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರಲು ಬಿಡಬೇಕು. ನೀರು ಎರಚಿದರೆ ಡ್ರಮ್ ಬಿರಿಯಬಹುದು. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಅದು ನಿಯಮವೂ ಹೌದು. ಮಂಜಿನಲ್ಲಿ ಹೆಡ್‌ಲೈಟು ತಗ್ಗಿಸಿಯೇ ಇರಬೇಕು, ಎತ್ತಿದರೆ ಎದುರಿಗೆ ಬಿಳಿಗೋಡೆ ಮಾತ್ರ ಕಾಣುತ್ತದೆ.

ಚಂಡಿಕಾಂಬೆಯ ಗುಡಿಯ ಹತ್ತಿರ ನಿಂತಾಗ ಮಂಗಗಳಿಗೆ ತಿಂಡಿ ಹಾಕಬಾರದು. ತಿಂಡಿಗೆ ಕಾದು ರಸ್ತೆಯಲ್ಲೇ ಕೂತ ಮಂಗ ಗಾಡಿಗೆ ಸಿಗುತ್ತದೆ. ಅದಲ್ಲದೆ ಇದು ಮಂಗನ ಕಾಯಿಲೆಯ ಸೀಮೆ. ಡಿಸೆಂಬರಿನಿಂದ ಮೇ ತನಕ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಕಿಲೋಮೀಟರ್ ಕಲ್ಲಿನ ಗುರುತು ಹೇಳಿ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇನ್ನು ಊರಿನವರು ಮಾಡಬಹುದಾದದ್ದು. ಏಪ್ರಿಲ್ ಕೊನೆಗೆ ತಮ್ಮ ಊರಿನ ಎಲ್ಲೆಯೊಳಗಿನ ಮೋರಿಗಳನ್ನು ಎಣಿಸಿ, ಒಂದೊಂದರ ಎರಡೂ ಬಾಯಿಯ ಫೋಟೋ ತೆಗೆದು, ಕಲ್ಲಿನ ಗುರುತಿನೊಂದಿಗೆ ಬರೆದು ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೆ ಕೊಡಬೇಕು. ಒಂದು ಪ್ರತಿ ಪಂಚಾಯಿತಿಗೆ. ಮೇ ಮೂರನೇ ವಾರದೊಳಗೆ ಚರಂಡಿ ಬಿಡಿಸಿ ಮುಗಿಯಬೇಕು. ಅದಕ್ಕೂ ಮೊದಲೇ ಬಿಡಿಸಿದರೆ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಉದುರಿದ ಎಲೆ ಮತ್ತೆ ತುಂಬುತ್ತದೆ. ಎತ್ತಿದ ಮಣ್ಣನ್ನು ಕಣಿವೆಯ ಅಂಚಿಗೆ ರಾಶಿ ಹಾಕಬಾರದು, ಮೊದಲ ಮಳೆಗೆ ಅದು ಕೆಳಗಿನ ತಿರುವಿನ ಚರಂಡಿಗೇ ಬಂದು ಕೂರುತ್ತದೆ. ಟಿಪ್ಪರಿನಲ್ಲಿ ಹೊರಗೆ ಒಯ್ಯಬೇಕು. ಮೃಗಶಿರೆಯ ಮೊದಲ ಜೋರುಮಳೆ ಬಂದ ದಿನ ಇಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು, ಗುದ್ದಲಿ ಕತ್ತಿ ಹಿಡಿದು, ನೀರು ಹರಿಯುತ್ತಿರುವಾಗಲೇ ಮೇಲಿನ ಮೋರಿಯಿಂದ ಕೆಳಗಿನ ಮೋರಿಗೆ ನಡೆಯಬೇಕು. ಬಿಸಿಲಿನಲ್ಲಿ ಕಾಣದ ತಪ್ಪೆಲ್ಲ ಆ ಹೊತ್ತಿನಲ್ಲಿ ಕಾಣುತ್ತದೆ. ನೀರು ಚರಂಡಿ ಬಿಟ್ಟು ರಸ್ತೆಗೆ ಹತ್ತಿದ ಜಾಗದಲ್ಲಿ ಒಂದು ಗೂಟ ಹೊಡೆದು ಬಟ್ಟೆ ಕಟ್ಟಿ ಬರಬೇಕು, ರಸ್ತೆ ದುರಸ್ತಿಯ ಗ್ಯಾಂಗಿನವರು ಮಾರನೇ ದಿನ ಬಂದಾಗ ಹುಡುಕುವ ಹಾಗಾಗಬಾರದು.